ಹಾರುವ ಓತಿ ಬರೀ ಕಥೆಯೇ? ತೇಜಸ್ವಿ ಮತ್ತು ‘ಕರ್ವಾಲೊ’

ಶಿವಮೊಗ್ಗದ ಆಲ್ಕೊಳದ ಗೆಳೆಯರ ವಾಟ್ಸಾಪ್ ಗ್ರೂಪಿನಿಂದ ನಮಗೊಂದು ವಿಡಿಯೊ ಬಂತು. ಓತಿಯೊಂದು ಒಂದು ಅಡಿಕೆ ಮರದಿಂದ ಇನ್ನೊಂದಕ್ಕೆ ತೇಲಿ ಹೋಗುತ್ತದೆ. ಕೆಳಗೆ ಮೂರು ಬಗೆಯ ಮಾತು: ಇದು ಗ್ರಾಫಿಕ್ಸ್, ತೇಜಸ್ವಿಯವರ ಕಾದಂಬರಿಯ ಕಲ್ಪನೆ. ಅಲ್ಲ, ಡೈನೋಸಾರ್ ಕಾಲದ ಪ್ರಾಣಿ. ವಿಷ ಇದೆ, ಕಂಡರೆ ಕೊಲ್ಲಿ. ಮೂರನೆಯ ಮಾತಿಗೆ ಒಂದು ಜೀವ ಹೋಗಬಹುದು. ಹಾಗಾಗಿ ವಿಷಯವನ್ನು ಮೊದಲಿನಿಂದ ನೋಡೋಣ.

ಯಾರು ಈ ತೇಜಸ್ವಿ?

ಕೆ.ಪಿ. ಪೂರ್ಣಚಂದ್ರ ತೇಜಸ್ವಿ ಹುಟ್ಟಿದ್ದು 1938ರ ಸೆಪ್ಟೆಂಬರ್ 8ರಂದು, ನಮ್ಮದೇ ಶಿವಮೊಗ್ಗ ಜಿಲ್ಲೆಯಲ್ಲಿ. ತಂದೆ ಕುವೆಂಪು. ಮೈಸೂರಿನಲ್ಲಿ ಓದಿದ ಅವರು ನೌಕರಿ ಹಿಡಿಯದೆ ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಗೆ ಹೋಗಿ ಕೃಷಿಕರಾದರು. ಹಕ್ಕಿಗಳ ಫೋಟೊ ತೆಗೆದರು, ಮೀನಿಗೆ ಗಾಳ ಹಾಕಿದರು, ಕಂಪ್ಯೂಟರಿನಲ್ಲಿ ಕನ್ನಡ ಬೆಳೆಯಬೇಕೆಂದು ಓಡಾಡಿದರು. ‘ಚಿದಂಬರ ರಹಸ್ಯ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 2007ರ ಏಪ್ರಿಲ್ 5ರಂದು ತೀರಿಕೊಂಡರು.

ಅವರ ‘ಕರ್ವಾಲೊ’ ಬಂದದ್ದು 1980ರಲ್ಲಿ. ವಿಜ್ಞಾನಿ ಕರ್ವಾಲೊ, ಹಳ್ಳಿಯ ಮಂದಣ್ಣ, ಮರ ಹತ್ತುವ ಕರಿಯಪ್ಪ ಮುಂತಾದವರು ಹಾರುವ ಓತಿಯನ್ನು ಹುಡುಕಿ ಕಾಡಿಗೆ ಹೋಗುವ ಕಥೆ ಅದು. ಕಥೆ ಹೇಳುವವನೂ ತೇಜಸ್ವಿಯವರಂತೆ ಮಲೆನಾಡಿನ ಕೃಷಿಕ. ಹಾಗಾಗಿ ಓದಿದವರಲ್ಲಿ ಕೆಲವರು ಎಲ್ಲವೂ ನಡೆದದ್ದೇ ಎಂದು ನಂಬುತ್ತಾರೆ, ಇನ್ನು ಕೆಲವರು ಓತಿಯೂ ಸೇರಿ ಎಲ್ಲವೂ ಕಟ್ಟುಕಥೆ ಎನ್ನುತ್ತಾರೆ.

ವಾಸ್ತವ ಏನು?

ಓತಿ ನಿಜ. ಕಾದಂಬರಿ ಬರುವುದಕ್ಕೆ 143 ವರ್ಷ ಮೊದಲೇ, 1837ರಲ್ಲಿ, ವಿಜ್ಞಾನಿಗಳು ಅದಕ್ಕೆ ಡ್ರಾಕೊ ಡುಸುಮಿಯರಿ ಎಂದು ಹೆಸರಿಟ್ಟಿದ್ದರು. ಪಶ್ಚಿಮ ಘಟ್ಟದ ಕಾಡುಗಳಲ್ಲಿ, ಅಡಿಕೆ, ತೆಂಗಿನ ತೋಟಗಳಲ್ಲಿ ಅದು ಬದುಕುತ್ತದೆ. ಬಣ್ಣ ಮರದ ತೊಗಟೆಯಂತೆಯೇ ಇರುವುದರಿಂದ ಎದುರಿಗಿದ್ದರೂ ಕಣ್ಣಿಗೆ ಬೀಳುವುದಿಲ್ಲ.

ಅದು ಹಕ್ಕಿಯಂತೆ ರೆಕ್ಕೆ ಬಡಿದು ಹಾರುವುದಿಲ್ಲ. ಅದರ ಕೆಲವು ಪಕ್ಕೆಲುಬುಗಳು ಉದ್ದಕ್ಕೆ ಬೆಳೆದಿರುತ್ತವೆ. ಅವನ್ನು ಕೊಡೆಯ ಕಡ್ಡಿಗಳಂತೆ ಹರಡಿದಾಗ ಮೇಲಿನ ಚರ್ಮ ಬಿಗಿಯಾಗಿ ಬಿಚ್ಚಿಕೊಳ್ಳುತ್ತದೆ. ಎತ್ತರದಿಂದ ಜಿಗಿದು, ಗಾಳಿಯಲ್ಲಿ ಜಾರುತ್ತಾ ಮುಂದಿನ ಮರಕ್ಕೆ ಅಂಟಿಕೊಳ್ಳುತ್ತದೆ.

ಡೈನೋಸಾರ್ ಕಾಲದ್ದೇ? ಕಾದಂಬರಿಯಲ್ಲಿ ಅದು ಯುಗಗಳಾಚೆಯಿಂದ ಉಳಿದು ಬಂದ ಜೀವಿ. ನಿಜದಲ್ಲಿ ನಮ್ಮ ಬೇಲಿಯ ಮೇಲೆ ಕೂರುವ ಓತಿಕ್ಯಾತನ ಕುಟುಂಬದ್ದೇ. ವಿಷವೂ ಇಲ್ಲ. ಮುಖ್ಯ ಆಹಾರ ಇರುವೆ. ಹೆಣ್ಣು ಓತಿ ಮೊಟ್ಟೆಯಿಡಲು ನೆಲಕ್ಕಿಳಿಯುತ್ತದೆ. ಮನುಷ್ಯರ ಕೈಗೆ ಸುಲಭವಾಗಿ ಸಿಗುವುದು ಆಗಲೇ.

ಹಾಗಾದರೆ ತೇಜಸ್ವಿ ತಪ್ಪು ಬರೆದರೇ? ಇಲ್ಲ. ಅವರು ಬರೆದದ್ದು ಕಾದಂಬರಿ, ಪಠ್ಯಪುಸ್ತಕ ಅಲ್ಲ. ನಮ್ಮ ತೋಟದಲ್ಲೇ ಇದ್ದು ನಾವು ನೋಡದೇ ಹೋದ ಪ್ರಾಣಿಯ ಕಡೆ ಅವರು ಒಂದು ಇಡೀ ತಲೆಮಾರು ತಲೆಯೆತ್ತಿ ನೋಡುವಂತೆ ಮಾಡಿದರು. ಕಾದಂಬರಿಯ ಕೊನೆಯಲ್ಲಿ ಆ ಓತಿ ಯಾರ ಕೈಗೂ ಸಿಗದೆ ಕಣಿವೆಯತ್ತ ತೇಲಿಹೋಗುತ್ತದೆ.

ನಿಮ್ಮ ತೋಟದ ಓತಿಯನ್ನೂ ಹಾಗೇ ಹೋಗಲು ಬಿಡಿ. ವಿಡಿಯೊ ಕಳಿಸಿ, ಆದರೆ ಕೊಲ್ಲಿ ಎಂಬ ಸಾಲನ್ನು ಅಳಿಸಿ ಕಳಿಸಿ.