ಬೇಗಂಪೇಟೆಯ ದಂಡಿನ ಡಾಕ್ಟರು: ರೋನಾಲ್ಡ್ ರಾಸ್

ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣದ ಬಳಿ ಉಸ್ಮಾನಿಯಾ ವಿಶ್ವವಿದ್ಯಾನಿಲಯಕ್ಕೆ ಸೇರಿದ ಹಳೆಯ ಕಟ್ಟಡವೊಂದುಂಟು. ಹೈದರಾಬಾದು, ಸಿಕಂದರಾಬಾದುಗಳಲ್ಲಿ ನೆಲೆಸಿದ ನಮ್ಮ ಕನ್ನಡ ಬಂಧುಗಳಲ್ಲಿ ಆ ದಾರಿಯಾಗಿ ಓಡಾಡುವವರು ಬಹಳ. ಅದೇನೆಂದು ವಿಚಾರಿಸಿದವರು ಕಡಮೆ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ಕಂಡುಹಿಡಿದ ಸರ್ ರೋನಾಲ್ಡ್ ರಾಸ್ ಅವರ ಹೆಸರು ಅದಕ್ಕಿದೆ.

ರಾಸ್ ಹುಟ್ಟಿದ್ದು 1857ರ ಮೇ 13ರಂದು, ಹಿಮಾಲಯದ ಅಲ್ಮೋರದಲ್ಲಿ. ತಂದೆ ಸೈನ್ಯಾಧಿಕಾರಿ. ಮಗನಿಗೆ ಕಾವ್ಯ, ಸಂಗೀತ, ಗಣಿತಗಳಲ್ಲಿ ಮನಸ್ಸು; ವೈದ್ಯ ಓದಿದ್ದು ತಂದೆಯ ಬಯಕೆಯಂತೆ. 1881ರಲ್ಲಿ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿದರು.

ಸೊಳ್ಳೆಯ ಸಹವಾಸ ಅವರಿಗೆ ಅಂಟಿದ್ದು ನಮ್ಮ ಬೆಂಗಳೂರಿನಲ್ಲಿ. 1883ರಲ್ಲಿ ದಂಡಿನ ವೈದ್ಯರಾಗಿ ಬಂದಾಗ, ಬಿಡಾರದ ಕಿಟಕಿಯಾಚೆ ಇಟ್ಟಿದ್ದ ನೀರಿನ ತೊಟ್ಟಿಯಲ್ಲಿ ಮರಿಗಳು ಮಿಜಿಗುಟ್ಟುವುದನ್ನು ಕಂಡರು. ತೊಟ್ಟಿಯನ್ನು ಮಗುಚಿಹಾಕಿದರು, ಕಾಟ ತಗ್ಗಿತು. ದಂಡಿನಲ್ಲೆಲ್ಲ ಹೀಗೆಯೇ ಮಾಡಿಸಬಾರದೇಕೆಂದು ಕೇಳಿದರೆ, ಮೇಲಿನವರು ಸೃಷ್ಟಿಕ್ರಮಕ್ಕೆ ಕೈಹಾಕಬಾರದೆಂದು ತಳ್ಳಿಹಾಕಿದರಂತೆ!

1894ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ನರ ಪರಿಚಯವಾಯಿತು. ಮಲೇರಿಯಾವನ್ನು ಸೊಳ್ಳೆಯಲ್ಲಿ ಹುಡುಕಬೇಕೆಂದು ಹಟ ಹಿಡಿಸಿದವರು ಅವರೇ. ರಾಸ್ ಮರಳಿ ಬಂದು ಸಿಕಂದರಾಬಾದಿನಲ್ಲಿ ಕುಳಿತರು. ನಡುವೆ ಕಾಲರಾದ ಕೆಲಸಕ್ಕೆಂದು ಮತ್ತೆ ಬೆಂಗಳೂರಿಗೆ ಕಳುಹಿಸಿದರು. ಅನಂತರ ನೀಲಗಿರಿಯ ಕಡೆ ಹೋಗಿ ತಾವೇ ಜ್ವರ ಹತ್ತಿಸಿಕೊಂಡರು.

1897ರ ಬೇಸಗೆ ಕಳೆದು ಬೇಗಂಪೇಟೆಯ ಆಸ್ಪತ್ರೆಯಲ್ಲಿ ನಡೆಸಿದ ಕೆಲಸ ತಪಸ್ಸೇ ಸರಿ. ಸೀಳಿದ ಸೊಳ್ಳೆ ಹಾರಿಹೋದೀತೆಂದು ಪಂಖಾ ಎಳೆಸುವಂತಿಲ್ಲ. ಹಣೆಯ ಬೆವರು ಬಿದ್ದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದವು. ಕಣ್ಣಿಡುವ ಗಾಜೂ ಬಿರುಕುಬಿಟ್ಟಿತ್ತು. ಹುಸೇನ್ ಖಾನ್ ಎಂಬ ರೋಗಿ, ಸೊಳ್ಳೆಯೊಂದಕ್ಕೆ ಒಂದಾಣೆಯಂತೆ ಪಡೆದು ಕಚ್ಚಿಸಿಕೊಂಡನು. ಆಗಸ್ಟ್ 20ರಂದು ಆ ಸೊಳ್ಳೆಗಳಲ್ಲೊಂದರ ಹೊಟ್ಟೆಯ ಗೋಡೆಯಲ್ಲಿ ಕಪ್ಪು ಚುಕ್ಕೆಗಳುಳ್ಳ ದುಂಡು ಕೋಶಗಳು ಕಂಡವು. ಮರುದಿನ ಇನ್ನೊಂದರಲ್ಲಿ ಅವೇ ಕೋಶಗಳು ದೊಡ್ಡವಾಗಿದ್ದವು. ಅಂದರೆ ಜೀವಿ ಅಲ್ಲಿ ಬೆಳೆಯುತ್ತಿತ್ತು. ನೊಬೆಲ್ ಬಹುಮಾನ 1902ರಲ್ಲಿ ರಾಸರಿಗೆ ಬಂತು; ಖಾನನಿಗೆ ದಕ್ಕಿದ್ದು ಆಣೆಗಳಷ್ಟೇ.

ಇಷ್ಟರಲ್ಲಿ ರಾಜಪುತಾನಕ್ಕೆ ವರ್ಗವಾಯಿತು! 1898ರಲ್ಲಿ ಕಲ್ಕತ್ತೆಗೆ ಬಂದು ಹಕ್ಕಿಗಳ ಮಲೇರಿಯಾ ಹಿಡಿದರು. ಜುಲೈಯಲ್ಲಿ ದಾರದಂಥ ಜೀವಿಗಳು ಹೊಟ್ಟೆಯ ಗೋಡೆಯಿಂದ ಸೊಳ್ಳೆಯ ಜೊಲ್ಲುಗ್ರಂಥಿಗೆ ಸೇರುವುದನ್ನು ಕಂಡು, ಕಡಿತದಿಂದಲೇ ರೋಗವೆಂದು ತೋರಿಸಿಕೊಟ್ಟರು.

ಆದರೆ ಕೆಲವು ಸೊಳ್ಳೆಗಳಲ್ಲಿ ದಾರಗಳ ಬದಲು ಗಟ್ಟಿಯಾದ ಕಪ್ಪು ಕಣಗಳಿದ್ದವು. ಇವು ಅದೇ ಜೀವಿಯ ಇನ್ನೊಂದು ಅವಸ್ಥೆಯಿರಬಹುದೆಂದು ರಾಸ್ ಊಹಿಸಿದರು. ಶಾಸ್ತ್ರಜ್ಞರು ಇಂದಿಗೂ ಅವನ್ನು ರಾಸರ ಕಪ್ಪು ಕಣಗಳೆಂದೇ ಕರೆಯುತ್ತಾರೆ. ಅವು ಸೊಳ್ಳೆಯೇ ಹೂತಿಟ್ಟ ಹೆಣಗಳೆಂದು ಈಗಿನ ತಿಳಿವಳಿಕೆ. ನಮ್ಮ ಕೂದಲಿಗೆ ಕಪ್ಪು ಕೊಡುವ ಮೆಲನಿನ್ ಜಾತಿಯ ಬಣ್ಣವನ್ನು ಶತ್ರುವಿನ ಸುತ್ತ ಮೆತ್ತಿ ಸೊಳ್ಳೆ ಅದನ್ನು ಉಸಿರುಕಟ್ಟಿಸುತ್ತದೆ. 1986ರಲ್ಲಿ ಅಮೆರಿಕದ ವಿಜ್ಞಾನಿಗಳು, ಒಳಹೊಕ್ಕ ಪರಾವಲಂಬಿಗಳನ್ನು ಹೀಗೆ ಮೆತ್ತಿಬಿಡುವ ಸೊಳ್ಳೆಗಳನ್ನೇ ಆರಿಸಿ ಒಂದು ತಳಿ ಬೆಳೆಸಿದರು.

ಇನ್ನೂ ಸ್ವಾರಸ್ಯದ ಸಂಗತಿಯುಂಟು. ಸೊಳ್ಳೆ ರಕ್ತ ಕುಡಿದೊಡನೆ ಅದರ ಕರುಳಿನ ಬ್ಯಾಕ್ಟೀರಿಯಾಗಳು ಬೇಗಬೇಗ ಹೆಚ್ಚುತ್ತವೆ. ಅವನ್ನು ಹತೋಟಿಯಲ್ಲಿಡಲು ಸೊಳ್ಳೆಯ ರಕ್ಷಣಾಶಕ್ತಿ ಎಚ್ಚೆತ್ತುಕೊಳ್ಳುತ್ತದೆ. ಅದೇ ಹೊತ್ತಿಗೆ ಕರುಳಿನ ಗೋಡೆ ದಾಟಹೊರಟ ಮಲೇರಿಯಾದ ಜೀವಿಯೂ ಏಟಿಗೆ ಸಿಕ್ಕುತ್ತದೆ. ಔಷಧ ಕೊಟ್ಟು ಆ ಬ್ಯಾಕ್ಟೀರಿಯಾಗಳನ್ನು ನಾಶಮಾಡಿದರೆ ಸೊಳ್ಳೆಯಲ್ಲಿ ಪರಾವಲಂಬಿ ಹೆಚ್ಚುವುದೆಂದು 2009ರ ಪ್ರಯೋಗಗಳು ತೋರಿಸಿದವು. ಎಲ್ಲ ಬ್ಯಾಕ್ಟೀರಿಯಾಗಳೂ ನಮಗೆ ನೆರವಾಗುವುವೆಂದು ಇದರಿಂದ ತಿಳಿಯಬಾರದು.

ರಾಸರ ಸ್ವಭಾವ ಮಾತ್ರ ಸಲೀಸಲ್ಲ. ಮನುಷ್ಯರ ಮಲೇರಿಯಾ ಅನಾಫೆಲೀಸ್ ಸೊಳ್ಳೆಯಲ್ಲಿ ಬೆಳೆಯುವ ಬಗೆಯನ್ನು ವಿವರಿಸಿದ ಇಟಲಿಯ ಗ್ರಾಸಿಯವರೊಡನೆ ಬದುಕಿನುದ್ದಕ್ಕೂ ಜಗಳವಾಡಿದರು. ನನಗೆ ತೋರುವಂತೆ, ಅಷ್ಟು ಕಹಿ ಬೇಕಿರಲಿಲ್ಲ. ಇಬ್ಬರ ಕೆಲಸಕ್ಕೂ ಜಾಗವಿತ್ತು. 1899ರಲ್ಲಿ ಸೈನ್ಯದ ಸೇವೆ ಬಿಟ್ಟು ಲಿವರ್‌ಪೂಲಿನಲ್ಲಿ ಅಧ್ಯಾಪಕರಾದರು. ಸೊಳ್ಳೆಗಳನ್ನು ತಗ್ಗಿಸಿದರೆ ರೋಗವೆಷ್ಟು ತಗ್ಗೀತೆಂದು ಗಣಿತದಿಂದ ಲೆಕ್ಕ ಹಾಕಿದರು. ಬೆಂಗಳೂರಿನ ತೊಟ್ಟಿಯನ್ನು ಅವರು ಮರೆತಿರಲಿಲ್ಲವೆಂದು ಕಾಣುತ್ತದೆ.

1927ರಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಬಳಿ ಅವರ ಸ್ಮಾರಕ ದ್ವಾರವೊಂದನ್ನು ತೆರೆದಾಗ ಅವರೇ ಬಂದಿದ್ದರು. ಬೇಗಂಪೇಟೆಯ ಆ ಆಗಸ್ಟಿನಲ್ಲಿ ತಾವು ಬರೆದಿದ್ದ ಪದ್ಯವನ್ನೇ ಅದರ ಕಲ್ಲಿನಲ್ಲಿ ಕೆತ್ತಲಾಗಿತ್ತು. 1932ರ ಸೆಪ್ಟೆಂಬರ್ 16ರಂದು ಲಂಡನ್ನಿನಲ್ಲಿ ತೀರಿಕೊಂಡರು.