ಕೆಳದಿಯ ರಾಣಿ ಚೆನ್ನಮ್ಮಾಜಿ

ಚೆನ್ನಮ್ಮ ಎಂದೊಡನೆ ನಮ್ಮ ವಿದ್ಯಾರ್ಥಿಗಳಿಗೆ ನೆನಪಾಗುವವಳು ಕಿತ್ತೂರಿನ ರಾಣಿ. ಆಕೆಗಿಂತ ಸುಮಾರು ನೂರೈವತ್ತು ವರ್ಷ ಮೊದಲೇ ಮಲೆನಾಡಿನಲ್ಲಿ ಅದೇ ಹೆಸರಿನ ಇನ್ನೊಬ್ಬ ವೀರರಾಣಿ ಆಗಿಹೋದಳು. ಆಕೆಯೇ ಕೆಳದಿಯ ಚೆನ್ನಮ್ಮಾಜಿ.

ಕೋಟಿಪುರದ ಸಿದ್ದಪ್ಪಶೆಟ್ಟರ ಮಗಳಾದ ಈಕೆಯನ್ನು ಕೆಳದಿಯ ಅರಸ ಒಂದನೆಯ ಸೋಮಶೇಖರ ನಾಯಕನು ಲಗ್ನವಾದನು. ಆಗ ಕೆಳದಿ ಅರಸರ ರಾಜಧಾನಿ ಬಿದನೂರು. ಶಿವಮೊಗ್ಗ ಜಿಲ್ಲೆಯ ಇಂದಿನ ನಗರವೇ ಅದು. ಮೊದಮೊದಲು ಅರಸನು ಚೆನ್ನಾಗಿಯೇ ಆಳಿದನು. ಮುಂದೆ ದುರ್ಜನರ ಸಹವಾಸಕ್ಕೆ ಬಿದ್ದು ರಾಜ್ಯದ ಮೇಲಿನ ಲಕ್ಷ್ಯ ಕಳೆದುಕೊಂಡನು, ಕೊನೆಗೆ ಕೊಲೆಗೀಡಾದನು. ದಂಪತಿಗಳಿಗೆ ಮಕ್ಕಳಿರಲಿಲ್ಲ.

ಪಟ್ಟ ಯಾರಿಗೆ? ಆಸ್ಥಾನದ ಒಂದೊಂದು ಗುಂಪು ತನಗೆ ಬೇಕಾದ ಹುಡುಗನನ್ನು ಗದ್ದುಗೆಯಲ್ಲಿ ಕೂಡಿಸಲು ಹವಣಿಸಿತು. ಇದೇ ಸಮಯವೆಂದು ವಿಜಾಪುರದ ಸೈನ್ಯವೂ ಏರಿಬಂದಿತು. ಹೆಣ್ಣಿಗೆ ಗದ್ದುಗೆ ತಪ್ಪಿಸುವ ಯತ್ನ ನಮ್ಮಲ್ಲಷ್ಟೇ ನಡೆದುದಲ್ಲ. ಇಂಗ್ಲೆಂಡಿನಲ್ಲಿ 1135ರಲ್ಲಿ ಒಂದನೆಯ ಹೆನ್ರಿ ತೀರಿಕೊಂಡಾಗ, ಸರದಾರರು ಅವನ ಮಗಳು ಮಟಿಲ್ಡಾಳಿಗೆ ಕೊಟ್ಟ ವಚನವನ್ನು ಮುರಿದು, ಆಕೆಯ ಸೋದರತ್ತೆಯ ಮಗ ಸ್ಟೀಫನನಿಗೆ ಕಿರೀಟವಿಟ್ಟರು. ಆಕೆ ವರ್ಷಗಟ್ಟಲೆ ಹೋರಾಡಿದರೂ ಪಟ್ಟಾಭಿಷೇಕ ಆಗಲೇ ಇಲ್ಲ.

ಚೆನ್ನಮ್ಮಾಜಿಯ ಪಾಲಿಗೆ ಹಾಗಾಗಲಿಲ್ಲ. ಬಿದನೂರು ಕೈಬಿಟ್ಟರೂ ಆಕೆ ಧೈರ್ಯಗೆಡದೆ, ಕವಲೇದುರ್ಗವೆಂದು ಕರೆಯುವ ಭುವನಗಿರಿಯ ಕೋಟೆಯನ್ನು ಸೇರಿದಳು. ನಂಬಿಗಸ್ತರನ್ನು ಕೂಡಿಸಿಕೊಂಡು ರಾಜಧಾನಿಯನ್ನು ಮರಳಿ ಪಡೆದಳು. 1672ರಲ್ಲಿ ರಾಜ್ಯದ ಹೊಣೆ ಹೊತ್ತು, ಬಸಪ್ಪನೆಂಬ ಬಾಲಕನನ್ನು ತಾನೇ ಆರಿಸಿ ದತ್ತಕ ತೆಗೆದುಕೊಂಡಳು.

1689ರಲ್ಲಿ ಆಕೆಗೆ ಇನ್ನೂ ದೊಡ್ಡ ಪರೀಕ್ಷೆ ಒದಗಿತು. ಔರಂಗಜೇಬನು ಸಂಭಾಜಿ ಮಹಾರಾಜರನ್ನು ಕೊಲ್ಲಿಸಿದ ಮೇಲೆ, ಶಿವಾಜಿ ಮಹಾರಾಜರ ಕಿರಿಯ ಮಗ ರಾಜಾರಾಮರು ವೇಷ ಮರೆಸಿಕೊಂಡು ಜಿಂಜಿಯ ಕಡೆಗೆ ಹೊರಟಿದ್ದರು. ದಾರಿಯಲ್ಲಿ ಚೆನ್ನಮ್ಮಾಜಿಯ ಆಶ್ರಯ ಬೇಡಿದರು. ಆಶ್ರಯ ಕೊಟ್ಟರೆ ಮೊಗಲರ ಸೈನ್ಯ ತನ್ನ ಮೇಲೆ ಬರುವುದೆಂದು ಆಕೆ ಬಲ್ಲಳು. ಆದರೂ ಮರೆಹೊಕ್ಕವರನ್ನು ಕೈಬಿಡಲಿಲ್ಲ. ರಾಜಾರಾಮರನ್ನು ಸುರಕ್ಷಿತವಾಗಿ ಸಾಗಿಸಿದಳು. ಜಾನ್‌ನಿಸಾರ್ ಖಾನನ ನೇತೃತ್ವದಲ್ಲಿ ಬಾದಶಹನ ದಂಡು ಬಂದೇಬಂದಿತು. ಕೆಳದಿಯವರು ಎದುರಿಸಿ ಕಾದಿದರು. ಕಡೆಗೆ ಸ್ವಲ್ಪ ಕಾಣಿಕೆಯ ಮೇಲೆ ಒಪ್ಪಂದವಾಗಿ ರಾಜ್ಯ ಉಳಿಯಿತು.

ಸುಮಾರು 25 ವರ್ಷ ಆಳಿ 1697ರಲ್ಲಿ ಚೆನ್ನಮ್ಮಾಜಿ ತೀರಿಕೊಂಡಳು. ಆಕೆ ಆರಿಸಿದ ಬಸಪ್ಪ ನಾಯಕನೇ ಪಟ್ಟಕ್ಕೆ ಬಂದನು.

ಕನ್ನಡ, ಮರಾಠಿ ಎರಡನ್ನೂ ಆಡುವ ಜತ್ತ ತಾಲೂಕಿನ ನಮಗೆ ಈ ಚರಿತ್ರೆ ಹತ್ತಿರದ್ದು. ರಾಜಾರಾಮರು ಕ್ಷೇಮವಾಗಿ ಜಿಂಜಿಯನ್ನು ಮುಟ್ಟಿದ್ದರಲ್ಲಿ ಒಬ್ಬ ಕನ್ನಡತಿಯ ಋಣವಿದೆ. ಗದ್ದುಗೆಗೆ ಹಕ್ಕು ಇದೆಯೋ ಇಲ್ಲವೋ ಎಂದು ಕೇಳಿದವರಿಗೆ ಆಕೆ ತನ್ನ ನಡತೆಯಿಂದಲೇ ಉತ್ತರ ಕೊಟ್ಟಳು. ನಮ್ಮ ಹೆಣ್ಣುಮಕ್ಕಳೂ, ಅವರನ್ನು ಶಾಲೆಗೆ ಕಳಿಸುವ ತಾಯಿತಂದೆಗಳೂ ಇದನ್ನು ನೆನಪಿನಲ್ಲಿಡಲಿ.