ಕೊರವಂಜಿಯ ರಾಶಿ

ಮಲಪ್ರಭಾ ನದಿಯ ದಂಡೆಯ ಮೇಲಿರುವ ಸಂಗೊಳ್ಳಿಯ ಹೆಸರನ್ನು ಕೇಳದ ಕನ್ನಡಿಗರು ವಿರಳ. ಕಿತ್ತೂರಿನ ಸ್ವಾತಂತ್ರ್ಯಕ್ಕಾಗಿ ಕಂಪನಿ ಸರಕಾರದ ವಿರುದ್ಧ ಕತ್ತಿ ಹಿಡಿದ ಆ ಊರಿನ ರಾಯಣ್ಣನನ್ನು ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಗಲ್ಲಿಗೇರಿಸಲಾಯಿತು. ಆಗ ಕನ್ನಡದಲ್ಲಿ ಒಂದು ವೃತ್ತಪತ್ರಿಕೆಯೂ ಇರಲಿಲ್ಲ. ನಮ್ಮ ಭಾಷೆಯ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ ಹೊರಟದ್ದು ಹನ್ನೆರಡು ವರ್ಷಗಳ ಅನಂತರ, ೧೮೪೩ರಲ್ಲಿ. ಆದರೂ ರಾಯಣ್ಣನ ಸಾಹಸವೂ ಅವನಿಗಾದ ದ್ರೋಹವೂ ಜನರಿಗೆ ತಿಳಿಯದೆ ಉಳಿಯಲಿಲ್ಲ. ಲಾವಣಿಕಾರರು ಡಪ್ಪು ಬಾರಿಸಿ, ತುಂತುಣಿ ಮೀಟಿ ಆ ಕಥೆಯನ್ನು ಹಾಡಿದರು. ಅಕ್ಷರ ಬಾರದ ಒಕ್ಕಲಿಗನೂ ಅದನ್ನು ಕೇಳಿ ಸರಕಾರದ ನಡತೆಯನ್ನು ತೂಗಿ ನೋಡಿದನು. ಜನರ ಕಷ್ಟದ ವಾರ್ತೆಗೆ ಜನರನ್ನು ತಲುಪುವ ದಾರಿಯೊಂದು ಹೀಗೆ ಎಲ್ಲ ಕಾಲದಲ್ಲಿಯೂ ದೊರೆಯುತ್ತದೆ. ಹಾಡು ಅಂದು ಮಾಡಿದ ಈ ಕೆಲಸದ ಒಂದು ಪಾಲನ್ನು ಅಚ್ಚಿನ ಯುಗದಲ್ಲಿ ವ್ಯಂಗ್ಯಚಿತ್ರವು ವಹಿಸಿಕೊಂಡಿತು. ಕನ್ನಡದಲ್ಲಿ ಅಂಥ ಚಿತ್ರಕ್ಕೆ ನೆಲೆ ಒದಗಿಸಿದವರಲ್ಲಿ ಪ್ರಮುಖರು ಒಬ್ಬ ವೈದ್ಯರು. ಅವರೇ ರಾಶಿ ಎಂಬ ಕಾವ್ಯನಾಮದ ಡಾಕ್ಟರ್ ಎಂ. ಶಿವರಾಂ.

ವ್ಯಂಗ್ಯಚಿತ್ರವೆಂದರೆ ಬರಿಯ ನಗೆಯ ಚಿತ್ರವಲ್ಲ. ಅದು ಗೆರೆಗಳಲ್ಲಿ ಬರೆದ ಸಂಪಾದಕೀಯ. ಲಂಡನ್ನಿನಲ್ಲಿ ೧೮೪೧ರಲ್ಲಿ ಆರಂಭವಾದ ‘ಪಂಚ್’ ಪತ್ರಿಕೆಯು ಈ ಕಲೆಗೆ ಪ್ರಸಿದ್ಧಿಯನ್ನು ತಂದುಕೊಟ್ಟಿತು. ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ಟ್ವೀಡ್ ಎಂಬ ರಾಜಕಾರಣಿಯು ತನ್ನ ಕೂಟದವರೊಡನೆ ನಗರದ ಬೊಕ್ಕಸವನ್ನು ಲೂಟಿ ಮಾಡುತ್ತಿದ್ದಾಗ, ಥಾಮಸ್ ನಾಸ್ಟ್ ಎಂಬ ಕಲಾವಿದನು ೧೮೭೧ರಲ್ಲಿ ಅವನ ಅಕ್ರಮಗಳನ್ನು ವಾರವಾರವೂ ಚಿತ್ರಿಸಿ ಜನರ ಮುಂದಿಟ್ಟನು. ಓದುಬಾರದ ಮತದಾರರೂ ಚಿತ್ರವನ್ನು ನೋಡಬಲ್ಲರಾದ ಕಾರಣ ಟ್ವೀಡನು ಲೇಖನಗಳಿಗಿಂತ ಚಿತ್ರಗಳಿಗೇ ಹೆಚ್ಚು ಅಂಜಿದನೆಂದು ಹೇಳುವುದುಂಟು. ಕಡೆಗೆ ಅವನು ಅಧಿಕಾರವನ್ನು ಕಳೆದುಕೊಂಡು ಸೆರೆಮನೆಯನ್ನು ಸೇರಿದನು. ಸರಳ ರೇಖೆಗಳಲ್ಲಿ ಎಂಥ ಶಕ್ತಿ ಅಡಗಿದೆಯೆಂಬುದಕ್ಕೆ ಇದೊಂದು ನಿದರ್ಶನ.

ಶಿವರಾಂ ಅವರು ೧೯೦೫ರಲ್ಲಿ ಜನಿಸಿದರು. ವೈದ್ಯಶಾಸ್ತ್ರವನ್ನು ವ್ಯಾಸಂಗ ಮಾಡಿ, ಬೆಂಗಳೂರಿನ ಮೆಜೆಸ್ಟಿಕ್ ಪ್ರದೇಶದಲ್ಲಿ ಚಿಕಿತ್ಸಾಲಯವನ್ನು ನಡೆಸುತ್ತಿದ್ದರು. ವೈದ್ಯನ ಬಳಿಗೆ ಬರುವವರು ಮೈಯ ನೋವನ್ನು ಮಾತ್ರವೇ ಹೊತ್ತು ತರುವುದಿಲ್ಲ. ಮನೆಯ ಚಿಂತೆ, ಹಣದ ಅಡಚಣೆ, ಅಧಿಕಾರಿಗಳ ಉಪೇಕ್ಷೆ ಎಲ್ಲವೂ ಅವರ ಹಿಂದೆಯೇ ಬರುತ್ತವೆ. ದೇಹದ ರೋಗಕ್ಕೆ ಔಷಧವನ್ನು ಬರೆದುಕೊಟ್ಟ ಲೇಖನಿಯಿಂದಲೇ ರಾಶಿಯವರು ಸಮಾಜದ ರೋಗಕ್ಕೂ ಮದ್ದು ಬರೆದರು. ಆ ಮದ್ದು ನಗೆ.

೧೯೪೨ನೆಯ ವರ್ಷ ನಗುವುದಕ್ಕೆ ಅನುಕೂಲವಾದ ಕಾಲವಾಗಿರಲಿಲ್ಲ. ಎರಡನೆಯ ಮಹಾಯುದ್ಧದ ಬೇಗೆ ಲೋಕವನ್ನೆಲ್ಲ ಆವರಿಸಿತ್ತು. ದವಸಧಾನ್ಯಗಳ ಬೆಲೆ ಏರುತ್ತಿತ್ತು. ಅಗತ್ಯವಾದ ಸಾಮಗ್ರಿಗಳು ಕಾಳಸಂತೆಯನ್ನು ಸೇರುತ್ತಿದ್ದವು. ಆ ಆಗಸ್ಟ್ ತಿಂಗಳಲ್ಲಿ ‘ಭಾರತ ಬಿಟ್ಟು ತೊಲಗಿ’ ಚಳವಳಿ ದೇಶವನ್ನೆಲ್ಲ ಕಲಕಿತು. ಅದೇ ವರ್ಷ ರಾಶಿಯವರು ‘ಕೊರವಂಜಿ’ ಎಂಬ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಕೊರವಂಜಿ ಎಂದರೆ ಊರೂರು ತಿರುಗಿ, ಕೈ ನೋಡಿ, ಕಣಿ ಹೇಳುವವಳು. ಅರಮನೆಯಾದರೂ ಗುಡಿಸಲಾದರೂ ಅವಳು ಅಂಜದೆ ಹೊಸ್ತಿಲನ್ನು ದಾಟುವಳು. ಕಂಡದ್ದನ್ನು ಕಂಡಂತೆ ನುಡಿಯುವಳು. ಅವಳು ನುಡಿಯುವ ಬಗೆ ಚೆಲುವಾದುದರಿಂದ ದೊರೆಯೂ ಸಿಟ್ಟಾಗುವುದಿಲ್ಲ. ಪತ್ರಿಕೆಯ ಧರ್ಮವನ್ನು ತಿಳಿಸುವುದಕ್ಕೆ ಇದಕ್ಕಿಂತ ಒಪ್ಪುವ ಹೆಸರು ದೊರೆಯುವುದು ಕಷ್ಟ.

ನಾ. ಕಸ್ತೂರಿಯವರಂಥ ನುರಿತ ಲೇಖಕರು ‘ಕೊರವಂಜಿ’ಗಾಗಿ ಬರೆದರು. ಗೃಹಜೀವನದ ವಿನೋದಗಳನ್ನು ಬಣ್ಣಿಸಿದ ಟಿ. ಸುನಂದಮ್ಮನವರಂಥ ಲೇಖಕಿಯರಿಗೂ ಅದು ವೇದಿಕೆಯಾಯಿತು. ಬರಹಕ್ಕೆ ಇದ್ದಷ್ಟೇ ಗೌರವ ಅಲ್ಲಿ ಚಿತ್ರಕ್ಕೂ ಇತ್ತು. ಮೈಸೂರಿನಲ್ಲಿ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಎಂಬ ತರುಣರು ಮುಂಬಯಿಯ ಪ್ರಸಿದ್ಧ ಕಲಾಶಾಲೆಯೊಂದಕ್ಕೆ ಅರ್ಜಿ ಹಾಕಿದ್ದರೂ ಅವರಿಗೆ ಪ್ರವೇಶ ದೊರೆತಿರಲಿಲ್ಲ. ಅಂಥ ತರುಣರ ಚಿತ್ರಗಳಿಗೆ ರಾಶಿಯವರು ತಮ್ಮ ಪತ್ರಿಕೆಯ ಪುಟಗಳನ್ನು ತೆರೆದುಕೊಟ್ಟು ಪ್ರೋತ್ಸಾಹಿಸಿದರು. ಶಾಲೆಯು ಗುರುತಿಸದ ಪ್ರತಿಭೆಯನ್ನು ಒಬ್ಬ ವೈದ್ಯರು ಗುರುತಿಸಿದರು. ಮುಂದೆ ಲಕ್ಷ್ಮಣ್ ಅವರು ಮುಂಬಯಿಯ ‘ಟೈಮ್ಸ್ ಆಫ್ ಇಂಡಿಯಾ’ ಪತ್ರಿಕೆಯನ್ನು ಸೇರಿ, ೧೯೫೧ರಿಂದ ‘ಯು ಸೆಡ್ ಇಟ್’ ಎಂಬ ಕಿರುಚಿತ್ರಮಾಲೆಯನ್ನು ಬರೆದರು. ಚೌಕಳಿಯ ಕೋಟು, ಪಂಚೆ ಮತ್ತು ಕನ್ನಡಕವನ್ನು ಧರಿಸಿದ ಅದರ ಶ್ರೀಸಾಮಾನ್ಯನು ಬಾಯಿ ತೆರೆದು ಒಂದು ಮಾತನ್ನೂ ಆಡುವುದಿಲ್ಲ. ಮಂತ್ರಿಗಳ ಭರವಸೆ, ಕಚೇರಿಗಳ ವಿಳಂಬ, ಬೆಲೆಯೇರಿಕೆ ಎಲ್ಲವನ್ನೂ ಮೌನವಾಗಿ ನೋಡುತ್ತಾನೆ. ಆ ನೋಟವೇ ಪ್ರಶ್ನೆಯಾಗುತ್ತದೆ.

ಹಾಸ್ಯಕ್ಕೂ ಅಪಹಾಸ್ಯಕ್ಕೂ ಇರುವ ಅಂತರವನ್ನು ನಾವು ಇಲ್ಲಿ ಮನಗಾಣಬೇಕು. ಕುಂಟನನ್ನು ಕಂಡು ನಗುವುದು ಹಾಸ್ಯವಲ್ಲ, ಕ್ರೌರ್ಯ. ಕುಂಟನಿಗೆ ದಾರಿ ಮಾಡಿಕೊಡದ ಅಧಿಕಾರಿಯನ್ನು ಕಂಡು ನಗುವುದು ಹಾಸ್ಯ. ಶಸ್ತ್ರವೈದ್ಯನ ಕೈಯಲ್ಲಿಯೂ ಕೊಲೆಗಾರನ ಕೈಯಲ್ಲಿಯೂ ಇರುವುದು ಹರಿತವಾದ ಅಲಗೇ; ಒಬ್ಬನು ಗುಣಪಡಿಸಲೆಂದು ಕೊಯ್ಯುತ್ತಾನೆ, ಇನ್ನೊಬ್ಬನು ಕೊಲ್ಲಲೆಂದು. ಚಿತ್ರಕ್ಕೆ ಬರಹಕ್ಕಿಂತಲೂ ವೇಗ ಹೆಚ್ಚು. ಆದುದರಿಂದ ಅದನ್ನು ಬರೆಯುವವರ ಹೊಣೆಯೂ ಹೆಚ್ಚು. ವ್ಯಕ್ತಿಯ ರೂಪ, ಜಾತಿ, ಬಡತನಗಳನ್ನು ಬಿಟ್ಟು ಅವನ ನಡತೆಗೆ ಗುರಿಯಿಡುವ ನಗೆಯೇ ಪತ್ರಿಕೆಗೆ ಭೂಷಣ.

ಹಾಸ್ಯಪತ್ರಿಕೆಯ ಬಾಳು ಸುಗಮವಾದುದಲ್ಲ. ಶಂಕರ್ ಅವರು ದೆಹಲಿಯಲ್ಲಿ ೧೯೪೮ರಲ್ಲಿ ಆರಂಭಿಸಿದ ‘ಶಂಕರ್ಸ್ ವೀಕ್ಲಿ’ ದೇಶದಲ್ಲೆಲ್ಲ ಹೆಸರಾಗಿದ್ದರೂ ೧೯೭೫ರಲ್ಲಿ, ತುರ್ತುಪರಿಸ್ಥಿತಿಯ ದಿನಗಳಲ್ಲಿ, ನಿಂತುಹೋಯಿತು. ಅದಕ್ಕಿಂತ ಆರು ವರ್ಷ ಮೊದಲೇ ಹುಟ್ಟಿದ ‘ಕೊರವಂಜಿ’ಯನ್ನು ರಾಶಿಯವರು ವೈದ್ಯವೃತ್ತಿಯ ಜೊತೆಗೆ ಇಪ್ಪತ್ತೈದು ವರ್ಷಗಳ ಕಾಲ ನಡೆಸಿ, ೧೯೬೭ರಲ್ಲಿ ನಿಲ್ಲಿಸಿದರು. ಪತ್ರಿಕೆ ನಿಂತರೂ ಅವರ ಲೇಖನಿ ನಿಲ್ಲಲಿಲ್ಲ. ಮನೋರೋಗಗಳನ್ನು ಕುರಿತು ಅವರು ರಚಿಸಿದ ‘ಮನಮಂಥನ’ ಎಂಬ ಗ್ರಂಥಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ದೊರೆಯಿತು. ‘ಕೊರವಂಜಿ’ಯ ಪರಂಪರೆಯನ್ನು ಮುಂದುವರಿಸಲು ೧೯೮೩ರಲ್ಲಿ ‘ಅಪರಂಜಿ’ ಪತ್ರಿಕೆಯು ಜನ್ಮ ತಾಳಿತು. ಮರುವರ್ಷ, ೧೯೮೪ರಲ್ಲಿ, ರಾಶಿಯವರು ನಿಧನರಾದರು.

ಅದೇ ವರ್ಷ ಲಕ್ಷ್ಮಣ್ ಅವರಿಗೆ ರಾಮನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ಅದು ಚಿತ್ರಕಲೆಗೆಂದು ಮೀಸಲಾದ ಪ್ರಶಸ್ತಿಯಾಗಿರದೆ, ಪತ್ರಿಕೋದ್ಯಮ, ಸಾಹಿತ್ಯ ಮತ್ತು ಸಂವಹನ ಕಲೆಗಳ ವಿಭಾಗದಲ್ಲಿ ದೊರೆತ ಗೌರವವಾಗಿತ್ತು. ದೇಶದ ರಾಜಕೀಯ, ಸಾಮಾಜಿಕ ಸಮಸ್ಯೆಗಳ ಮೇಲೆ ಬೆಳಕು ಚೆಲ್ಲಿದ ಚಿತ್ರವೂ ವಾರ್ತೆಯೇ ಎಂಬುದನ್ನು ಲೋಕವು ಒಪ್ಪಿಕೊಂಡಂತಾಯಿತು. ಅರ್ಧ ಶತಮಾನದ ಹತ್ತಿರ ಹಿಂದೆಯೇ ರಾಶಿಯವರು ಅದನ್ನು ಅರಿತು ನಡೆದಿದ್ದರು.

ವ್ಯಂಗ್ಯಚಿತ್ರವೊಂದರಿಂದ ಹಸಿದವನ ಹೊಟ್ಟೆ ತುಂಬುವುದಿಲ್ಲ. ರಾಯಣ್ಣನ ಲಾವಣಿಯಿಂದ ಅವನ ಪ್ರಾಣವು ಮರಳಿ ಬರಲಿಲ್ಲ. ಆದರೆ ಅನ್ಯಾಯವನ್ನು ಸಹಜವೆಂದು ನಂಬಿ ಸುಮ್ಮನಿರುವ ಜಡತೆಯನ್ನು ಇವೆರಡೂ ಕದಲಿಸುತ್ತವೆ. ಸಂಗೊಳ್ಳಿಯ ನಾಡಿನ ಲಾವಣಿಕಾರನು ಹಾಡಿ ಮಾಡಿದ ಕಾರ್ಯವನ್ನು ಬೆಂಗಳೂರಿನ ಕೊರವಂಜಿಯು ನಕ್ಕು ನಗಿಸಿ ಮಾಡಿದಳು. ಅವಳನ್ನು ಇಪ್ಪತ್ತೈದು ವರ್ಷ ಸಾಕಿ ಸಲಹಿದ ರಾಶಿಯವರು ಕನ್ನಡಿಗರೆಲ್ಲರ ಕೃತಜ್ಞತೆಗೆ ಪಾತ್ರರು.